640 ಕೆ ಜಾಗಕ್ಕೆ ನಡೆದ ಜಗಳ

ವಿಂಡೋಸ್ ಗೆದ್ದದ್ದು ಅದರ ಅಂದಚಂದದಿಂದ, ಮೌಸ್ ಹಿಡಿದು ಚಿತ್ರ ಒತ್ತಿದರೆ ಕೆಲಸವಾಗುವ ಸುಲಭದಿಂದ ಅಂತ ಹೇಳುವವರೇ ಹೆಚ್ಚು. ತೊಂಬತ್ತರ ದಶಕದ ಮೊದಲ ಅರ್ಧವನ್ನು ಬೆಂಗಳೂರಿನ ಆಫೀಸುಗಳಲ್ಲಿ ಡಾಸ್ ಯಂತ್ರಗಳ ಮುಂದೆ ಕಳೆದ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಅಂದಚಂದ ಆಮೇಲಿನದು. ಅದಕ್ಕೂ ಮುಂಚೆ ಕಣ್ಣಿಗೆ ಕಾಣದ ಒಂದು ವ್ಯಾಜ್ಯ ಇತ್ಯರ್ಥವಾಗಬೇಕಿತ್ತು: ಮೆಮೊರಿಯ ಯಜಮಾನಿಕೆ ಯಾರದು, ಪ್ರೊಸೆಸರಿನ ಯಜಮಾನಿಕೆ ಯಾರದು ಎಂಬ ವ್ಯಾಜ್ಯ. ಮೆಮೊರಿ ಮ್ಯಾನೇಜರ್ ಒಬ್ಬರ ಸರಕು, ಒಟ್ಟಿಗೆ ನಾಲ್ಕು ಕೆಲಸ ನಡೆಸುವ ಸಾಫ್ಟ್‌ವೇರ್ ಇನ್ನೊಬ್ಬರ ಸರಕು ಆಗಿರುವ ತನಕ ಅದು ಮುಗಿಯುವಂತಿರಲಿಲ್ಲ. ಇವೆರಡೂ ಅಸಲಿಗೆ ಒಂದೇ ಕೆಲಸ ಎಂಬುದನ್ನು ಮೈಕ್ರೋಸಾಫ್ಟಿಗಿಂತ ಮುಂಚೆ ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಕ್ವಾರ್ಟರ್‌ಡೆಕ್ ಕಂಪನಿಯವರು. ಕಂಡುಕೊಂಡೂ ಸೋತರು.

ಜಗಳದ ಬೇರು ಇರುವುದು 1981ರ ಐಬಿಎಂ ಪಿಸಿಯಲ್ಲಿ. ಅದರೊಳಗಿದ್ದ ಇಂಟೆಲ್ 8088 ಪ್ರೊಸೆಸರಿಗೆ ಇಪ್ಪತ್ತು ವಿಳಾಸದ ತಂತಿಗಳು. ಹಾಗಾಗಿ ಅದಕ್ಕೆ ಎಟುಕುವುದು ಒಂದು ಮೆಗಾಬೈಟ್ ಅಷ್ಟೇ. ಐಬಿಎಂನ ಎಂಜಿನಿಯರುಗಳು ಅದರ ಮೇಲಿನ 384 ಕೆಯನ್ನು (ಕೆ ಅಂದರೆ ಕಿಲೋಬೈಟ್) ಪರದೆಗೆ, ಕಾರ್ಡುಗಳಿಗೆ, ರೋಮ್‌ಗೆ ಎತ್ತಿಟ್ಟು ಕೆಳಗಿನ 640 ಕೆಯನ್ನು ಪ್ರೋಗ್ರಾಮುಗಳಿಗೆ ಬಿಟ್ಟರು. ಅಷ್ಟು ಸಾಕು ಅಂತ ಬಿಲ್ ಗೇಟ್ಸ್ ಹೇಳಿದ್ದರೆಂಬ ಕಥೆಯನ್ನು ಈಗಲೂ ಒಪ್ಪಿಸುವವರಿದ್ದಾರೆ. ಗೇಟ್ಸ್ ಮಾತ್ರ ತಾವು ಹಾಗೆ ಹೇಳಲೇ ಇಲ್ಲ ಅಂದಿದ್ದಾರೆ. ಯಾರು ಏನು ಹೇಳಿದ್ದರೂ, 16 ಕೆ ಮೆಮೊರಿಯಿಂದಲೇ ಮಾರಾಟ ಶುರುವಾಗುತ್ತಿದ್ದ ಯಂತ್ರಕ್ಕೆ 640 ಕೆ ದೊಡ್ಡ ಅಂಗಳವೇ ಆಗಿತ್ತು. ಆ ಹಂಚಿಕೆಯನ್ನು ಪೆದ್ದುತನ ಅನ್ನಲು ನನಗೆ ಮನಸ್ಸಿಲ್ಲ.

ಅಂಗಳ ತುಂಬಲು ಮಾತ್ರ ಹೆಚ್ಚು ವರ್ಷ ಹಿಡಿಯಲಿಲ್ಲ. ಲೋಟಸ್ 1-2-3ರಲ್ಲಿ ದೊಡ್ಡ ಹಾಳೆ ತೆರೆದವರಿಗೆ ಮೆಮೊರಿ ಮುಗಿಯಿತೆಂಬ ಸಂದೇಶ ಬರತೊಡಗಿತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಎಕ್ಸ್‌ಪಾಂಡೆಡ್ ಮೆಮೊರಿಯ ಒಂದು ನಿಯಮ ಬರೆದವು. ಮೇಲಿನ 384 ಕೆಯೊಳಗೆ ಖಾಲಿ ಇದ್ದ 64 ಕೆ ಜಾಗವನ್ನು ಕಿಟಕಿಯಂತೆ ಮಾಡಿ, ಕಾರ್ಡಿನ ಮೇಲಿದ್ದ ಮೆಮೊರಿಯನ್ನು 16 ಕೆ ತುಂಡುಗಳಲ್ಲಿ ಒಳಗೆ ಹೊರಗೆ ಸರಿಸುವ ಉಪಾಯ ಅದು. ಲೆಕ್ಕದ ಹಾಳೆಗೆ ಅಷ್ಟು ಸಾಕಾಗುತ್ತಿತ್ತು. ಇಡೀ ಪ್ರೋಗ್ರಾಮನ್ನೇ ಬದಿಗೆ ಸರಿಸಿ ಇನ್ನೊಂದನ್ನು ತರಬೇಕೆನ್ನುವವರಿಗೆ ಸಾಲುತ್ತಿರಲಿಲ್ಲ.

ಆ ಇನ್ನೊಂದನ್ನು ತರಬೇಕೆಂದು ಹೊರಟವರೇ ಕ್ವಾರ್ಟರ್‌ಡೆಕ್‌ನ ಥೆರೇಸ್ ಮಯರ್ಸ್ ಮತ್ತು ಗ್ಯಾರಿ ಪೋಪ್. ಐಬಿಎಂ 1985ರಲ್ಲಿ ಹಲವು ಪ್ರೋಗ್ರಾಮುಗಳನ್ನು ಒಟ್ಟಿಗೆ ನಡೆಸುವ ಟಾಪ್‌ವ್ಯೂ ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಅದೇ ವರ್ಷ ಇವರ ಡೆಸ್ಕ್‌ವ್ಯೂ ಬಂತು. ಟಾಪ್‌ವ್ಯೂ ಬೇಗನೆ ಮೂಲೆ ಸೇರಿತು, ಡೆಸ್ಕ್‌ವ್ಯೂ ಉಳಿಯಿತು. ಕಾರಣ ಸರಳ. ಅದು ಹೊಸ ಪ್ರೋಗ್ರಾಮು ಬರೆದುಕೊಂಡು ಬನ್ನಿ ಅನ್ನಲಿಲ್ಲ. ಜನರ ಹತ್ತಿರ ಆಗಲೇ ಇದ್ದ ವರ್ಡ್‌ಸ್ಟಾರ್, ಡಿಬೇಸ್, ಲೋಟಸ್‌ಗಳನ್ನು ಇದ್ದ ಹಾಗೆಯೇ ಬೇರೆ ಬೇರೆ ಕಿಟಕಿಗಳಲ್ಲಿ ನಡೆಸಿತು. ಆಲ್ಟ್ ಕೀ ಒಂದನ್ನೇ ಮುಟ್ಟಿ ಬಿಟ್ಟರೆ ಪರದೆಯ ಮೂಲೆಯಲ್ಲಿ ಪುಟ್ಟ ಮೆನು ಬರುತ್ತಿತ್ತು. ಅಲ್ಲಿಂದ ಬೇಕಾದ ಕಿಟಕಿಗೆ ಹೋಗಬಹುದು. ಹಿಂದೆ ಉಳಿದ ಕೆಲಸ ನಿಲ್ಲದೆ ನಡೆಯುತ್ತಿರುತ್ತದೆ. ಪಿಸಿಯ ಗಡಿಯಾರ ಸೆಕೆಂಡಿಗೆ 18.2 ಸಲ ತಟ್ಟುತ್ತದೆ. ಮುಂದಿನ ಕಿಟಕಿಗೆ ಇಷ್ಟು ತಟ್ಟು, ಹಿಂದಿನದಕ್ಕೆ ಇಷ್ಟು ಅಂತ ನಾವೇ ಹಂಚಿಕೊಡಬಹುದಿತ್ತು.

ಆದರೆ ಹಿಂದಿನ ಕಿಟಕಿ ನಡೆಯುತ್ತಿರಬೇಕಾದರೆ ಅದು ಮೆಮೊರಿಯಲ್ಲೇ ಇರಬೇಕಲ್ಲ! ಈ ತೊಡಕಿಗೆ ಎಎಸ್‌ಟಿ, ಕ್ವಾಡ್ರಾಮ್, ಆಷ್ಟನ್‌ಟೇಟ್ ಕಂಪನಿಗಳು ಎಕ್ಸ್‌ಪಾಂಡೆಡ್ ಮೆಮೊರಿಯ ನಿಯಮವನ್ನು ಹಿಗ್ಗಿಸಿದವು, 1987ರ ನಾಲ್ಕನೇ ಆವೃತ್ತಿಯಲ್ಲಿ ಅದರ ಸಾರವೆಲ್ಲ ಸೇರಿಕೊಂಡಿತು. 64 ಕೆ ಕಿಟಕಿಯಷ್ಟೇ ಅಲ್ಲ, ಕೆಳಗಿನ 640 ಕೆಯ ಬಹುಭಾಗವನ್ನೂ ಅದಲುಬದಲು ಮಾಡಬಹುದಾಯಿತು. ಇಂಟೆಲ್ 286 ಪ್ರೊಸೆಸರಿನ ಯಂತ್ರ ಇದ್ದವರು ಇದಕ್ಕಾಗಿ ಮಾಡುತ್ತಿದ್ದ ಕಸರತ್ತು ಕೇಳಿದರೆ ಈಗಿನವರು ನಂಬುವುದಿಲ್ಲ. ದುಡ್ಡು ಕೊಟ್ಟು ಕೊಂಡ ಮದರ್‌ಬೋರ್ಡಿನ ಮೆಮೊರಿಯನ್ನು ಜಂಪರ್ ತೆಗೆದು 256 ಕೆಗೆ ಇಳಿಸಿ, ಖಾಲಿಯಾದ ಜಾಗವನ್ನು ಕಾರ್ಡಿನ ಮೆಮೊರಿಯಿಂದ ತುಂಬುವುದು! ಹಾಗೆ ತುಂಬಿದ ಭಾಗವನ್ನು ಮಾತ್ರ ಡೆಸ್ಕ್‌ವ್ಯೂ ಕಿಟಕಿಗೆ ತಕ್ಕಂತೆ ತಿರುಗಿಸಬಲ್ಲದಾಗಿತ್ತು.

386 ಬಂದ ಮೇಲೆ ಈ ಜಂಪರ್ ಪುರಾಣ ಮುಗಿಯಿತು. 1986ರಲ್ಲಿ ಕಾಂಪ್ಯಾಕ್ ಡೆಸ್ಕ್‌ಪ್ರೊ 386 ಮಾರುಕಟ್ಟೆಗೆ ಬಂದಾಗ ಅದರ ಪ್ರೊಸೆಸರಿನಲ್ಲಿ ಎರಡು ಗುಣಗಳಿದ್ದವು. ಮೆಮೊರಿಯನ್ನು 4 ಕೆ ಪುಟಗಳಾಗಿ ಒಡೆದು ಯಾವ ವಿಳಾಸದಲ್ಲಿ ಬೇಕಾದರೂ ತೋರಿಸಬಹುದು. ವರ್ಚುವಲ್ 8086 ಎಂಬ ವಿಧಾನದಲ್ಲಿ ಹಳೆಯ ಪ್ರೋಗ್ರಾಮಿಗೆ ನೀನೊಬ್ಬನೇ ಇದ್ದೀಯೆ ಅಂತ ನಂಬಿಸಿ ಮೇಲಿಂದ ಕಣ್ಣಿಡಬಹುದು. ಕ್ವಾರ್ಟರ್‌ಡೆಕ್‌ನ ಕ್ಯೂಇಎಂಎಂ ಎಂಬ ಮೆಮೊರಿ ಮ್ಯಾನೇಜರ್ ಈ ಎರಡನ್ನೂ ಹಿಡಿದು ಕೂತಿತು. ಅದರ ಮೇಲೆ ಡೆಸ್ಕ್‌ವ್ಯೂ ಕೂತರೆ ಕಾರ್ಡು ಬೇಡ, ಜಂಪರ್ ಬೇಡ. ಯಂತ್ರದಲ್ಲಿ ನಾಲ್ಕು ಮೆಗಾಬೈಟ್ ಇದ್ದರೆ ಸಾಕು, ಒಂದೊಂದು ಕಿಟಕಿಗೂ ಅರ್ಧ ಮೆಗಾಬೈಟಿನ ತನ್ನದೇ ಡಾಸ್ ಸಿಗುತ್ತಿತ್ತು. ಇವೆರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಡೆಸ್ಕ್‌ವ್ಯೂ 386 ಎಂಬ ಹೆಸರಲ್ಲೂ ಮಾರಿದರು.

ಇಂಥ ಒಂದು ಜೋಡಿಯನ್ನು ನಾನು ಚಿಕ್ಕಪೇಟೆಯ ಲೆಕ್ಕಪರಿಶೋಧಕರೊಬ್ಬರ ಆಫೀಸಿನಲ್ಲಿ ಹೊಂದಿಸಿದ್ದೆ. ತಿಂಗಳ ಕೊನೆಗೆ ಅವರ ಫಾಕ್ಸ್‌ಪ್ರೊ ವರದಿ ತಯಾರಾಗಲು ತಾಸುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಗುಮಾಸ್ತರು ಚಹಾ ಕುಡಿಯುತ್ತ ಕೂತಿರುವುದನ್ನು ನೋಡಲಾರದೆ ಯಜಮಾನರು, "ಏನಪ್ಪಾ, ವರದಿ ಅದರ ಪಾಡಿಗೆ ಓಡಲಿ, ಇವರು ವೋಚರ್ ಹಾಕಲಿ, ಹಂಗೆ ಮಾಡೋಕಾಗಲ್ವ?" ಅಂದರು. "ಆಗುತ್ತೆ ಸಾರ್, ಮೆಮೊರಿ ಬಿಡಿಸಿಕೊಡಬೇಕು" ಅಂದೆ. "ಹೋದ ತಿಂಗಳು ತಾನೆ ಮೆಮೊರಿ ಹಾಕಿಸಿದ್ವಲ್ಲ?" ಅಂದರು. ನಾಲ್ಕು ಮೆಗಾಬೈಟ್ ಇರುವ ಯಂತ್ರದಲ್ಲಿ ಜಾಗವಿಲ್ಲ ಅನ್ನುವುದನ್ನು ಲೆಕ್ಕ ಬಲ್ಲವರಿಗೆ ಒಪ್ಪಿಸುವುದು ಸುಲಭವಲ್ಲ.

ಬಿಡಿಸುವುದೆಂದರೆ ಹೀಗೆ. ನೆಟ್‌ವರ್ಕಿನ ಡ್ರೈವರ್, ಮೌಸಿನ ಡ್ರೈವರ್, ಡಿಸ್ಕ್ ಕ್ಯಾಶ್ ಎಲ್ಲ ಡಾಸ್ ಜೊತೆಗೆ ಕೆಳಗೇ ಠಿಕಾಣಿ ಹೂಡಿದರೆ ಪ್ರತಿ ಕಿಟಕಿಗೂ ಅಷ್ಟು ಕಡಿಮೆ. ಅವನ್ನು ಮೇಲಿನ 384 ಕೆಯ ಸಂದುಗಳಿಗೆ ಏರಿಸಬೇಕು. ವಿಜಿಎ ಪರದೆಗೆ ಎ000 ವಿಳಾಸದಿಂದ ಜಾಗ ಮೀಸಲು. ಆದರೆ ಬಿ000ದಿಂದ ಬಿ7ಎಫ್‌ಎಫ್ ತನಕದ 32 ಕೆ ಕಪ್ಪುಬಿಳುಪು ಮಾನಿಟರುಗಳಿಗೆಂದು ಇಟ್ಟದ್ದು. ಬಣ್ಣದ ಮಾನಿಟರ್ ಇದ್ದವರಿಗೆ ಸುಮ್ಮನೆ ಬಿದ್ದಿರುತ್ತಿತ್ತು. ಅದನ್ನು ಸೇರಿಸಿಕೊ ಅಂತ ಕಾನ್ಫಿಗ್ ಫೈಲಿನ ಕ್ಯೂಇಎಂಎಂ ಸಾಲಿನಲ್ಲಿ ಬರೆಯಬೇಕು. ಡಿ000ದ ಹತ್ತಿರ ಮಾತ್ರ ಹುಷಾರು. ಆ ಆಫೀಸಿನ ಆರ್ಕ್‌ನೆಟ್ ನೆಟ್‌ವರ್ಕ್ ಕಾರ್ಡು ಅಲ್ಲಿ ತನ್ನ ಮೆಮೊರಿ ಇಟ್ಟುಕೊಂಡಿತ್ತು. ಯಂತ್ರ ಶುರುವಾಗುವಾಗ ಅಲ್ಲಿ ಯಾರೂ ಇಲ್ಲವೆಂದು ಭಾವಿಸಿ ಮ್ಯಾನೇಜರ್ ತನ್ನ ಪುಟಗಳನ್ನು ಹಾಸಿಬಿಟ್ಟರೆ, ಆಮೇಲೆ ನೆಟ್‌ವರ್ಕಿನಲ್ಲಿ ಸರ್ವರ್ ಕಾಣಿಸುವುದೇ ಇಲ್ಲ. ಆ 16 ಕೆಯನ್ನು ಮುಟ್ಟಬೇಡ ಎಂದು ಇನ್ನೊಂದು ಸೂಚನೆ. ಉಳಿದ ಸಂದುಗಳನ್ನು ಹುಡುಕಲು ಕ್ಯೂಇಎಂಎಂ ಜೊತೆ ಬರುತ್ತಿದ್ದ ಮ್ಯಾನಿಫೆಸ್ಟ್ ಎಂಬ ಪ್ರೋಗ್ರಾಮು ಇತ್ತು. ದಿನದ ಕೆಲಸವೆಲ್ಲ ಮಾಡಿಸಿ, ಫ್ಲಾಪಿ ಓದಿಸಿ, ಪ್ರಿಂಟ್ ತೆಗೆಸಿ, ಆಮೇಲೆ ಅದರ ನಕ್ಷೆ ನೋಡಿದರೆ ಯಾವ ವಿಳಾಸವನ್ನು ಯಾರೂ ಮುಟ್ಟಿಲ್ಲ ಅನ್ನುವುದು ಗೊತ್ತಾಗುತ್ತಿತ್ತು. ಅಂಥ ಒಳ್ಳೆಯ ಉಪಕರಣವನ್ನು ನಾನು ಆ ಕಾಲದಲ್ಲಿ ಬೇರೆ ನೋಡಿಲ್ಲ.

ಅತಿ ಹೆಚ್ಚು ತಲೆಬಿಸಿ ಮಾಡಿದ್ದು ಹೈ ಮೆಮೊರಿ ಏರಿಯಾ. ಇದು 286ರ ಬಳುವಳಿ. ಒಂದು ಮೆಗಾಬೈಟಿನ ಗಡಿ ದಾಟಿದ ತಕ್ಷಣ ಸಿಗುವ 65,520 ಬೈಟುಗಳನ್ನು ಹಳೆಯ ವಿಧಾನದಲ್ಲಿದ್ದುಕೊಂಡೇ ಮುಟ್ಟಬಹುದಿತ್ತು, ಎ20 ಎಂಬ ಇಪ್ಪತ್ತೊಂದನೇ ತಂತಿಯನ್ನು ತೆರೆದರೆ. 1984ರ ಐಬಿಎಂ ಎಟಿಯಲ್ಲಿ ಆ ತಂತಿಯ ಬಾಗಿಲು ಇಟ್ಟದ್ದು ಕೀಬೋರ್ಡಿನ ಕಂಟ್ರೋಲರ್ ಚಿಪ್ಪಿನಲ್ಲಿ. ಅಲ್ಲಿ ಒಂದು ಕಾಲು ಖಾಲಿ ಇತ್ತಂತೆ! ಈ 64 ಕೆ ಯಾರಿಗೆ ಅನ್ನುವುದು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ: ಮೊದಲು ಕೇಳಿದವರಿಗೆ ಪೂರ್ತಿ, ಪಾಲು ಮಾಡುವ ಪದ್ಧತಿಯಿಲ್ಲ. 1991ರಲ್ಲಿ ಬಂದ ಎಂಎಸ್‌ಡಾಸ್ 5 ತಾನೇ ಅಲ್ಲಿಗೆ ಏರಬಲ್ಲದಾಗಿತ್ತು, ಕಾನ್ಫಿಗ್ ಫೈಲಿನಲ್ಲಿ ಡಾಸ್ ಹೈ ಅಂತ ಒಂದು ಸಾಲು ಬರೆದರೆ ಆಯಿತು. ಪತ್ರಿಕೆಗಳೆಲ್ಲ ಆ ಸಾಲನ್ನು ಹಾಕಿ ಅಂತ ಬರೆದವು. ಆದರೆ ಡೆಸ್ಕ್‌ವ್ಯೂ ಕೂಡ ತನ್ನ ಬಹುಪಾಲನ್ನು ಅಲ್ಲೇ ಇಡುತ್ತಿತ್ತು, ಮತ್ತು ಡಾಸ್‌ಗಿಂತ ತುಂಬಾ ಒತ್ತಾಗಿ ತುಂಬುತ್ತಿತ್ತು. ಡಾಸ್ ಮೇಲೆ ಹೋದರೆ ಡೆಸ್ಕ್‌ವ್ಯೂ ಕೆಳಗಿಳಿದು ಪ್ರತಿ ಕಿಟಕಿಯನ್ನೂ ಕುಗ್ಗಿಸುತ್ತದೆ. ಹಾಗಾಗಿ ಡೆಸ್ಕ್‌ವ್ಯೂ ನಡೆಸುವವರು ಎಲ್ಲರೂ ಹೊಗಳುವ ಸಾಲನ್ನು ಅಳಿಸಬೇಕು! ಚಿಕ್ಕಪೇಟೆಯ ಯಂತ್ರದಲ್ಲಿ ಅದನ್ನು ಅಳಿಸಿದೆ. ಬೇರೆ ಯಾರೋ ಸರ್ವಿಸಿನವರು ಬಂದು, ಮರೆತುಹೋಗಿದೆ ಅಂದುಕೊಂಡು ಮತ್ತೆ ಹಾಕಿದರು. ನಾನು ಮತ್ತೆ ಅಳಿಸಿ, ಪಕ್ಕದಲ್ಲಿ ಬೇಡ ಎಂದು ಟಿಪ್ಪಣಿ ಬರೆದೆ.

ಇಷ್ಟೆಲ್ಲ ಒಂದೇ ಕಂಪನಿಯ ಎರಡು ಸಾಫ್ಟ್‌ವೇರುಗಳ ಕಥೆ. ಬೇರೆಯವರು ನಡುವೆ ಬಂದಾಗ ನಿಜವಾದ ರಾಜಕೀಯ ಶುರುವಾಯಿತು. ಆಟೋಕ್ಯಾಡ್ 386ರಂಥ ಪ್ರೋಗ್ರಾಮುಗಳು ಫಾರ್ ಲ್ಯಾಪ್ ಕಂಪನಿಯ ಡಾಸ್ ವಿಸ್ತರಣೆ ಬಳಸಿ ತಾವೇ 386ರ ಪೂರ್ಣ ಅಧಿಕಾರ ಕೇಳುತ್ತಿದ್ದವು. ಒಳಗೆ ಕ್ಯೂಇಎಂಎಂ ಆಗಲೇ ಕೂತಿದೆ. ಇಬ್ಬರು ಯಜಮಾನರು ಒಂದೇ ಪ್ರೊಸೆಸರಿನಲ್ಲಿ ಬಾಳಲಾರರು. ಎಂಬತ್ತರ ದಶಕದ ಕೊನೆಯಲ್ಲಿ ಕ್ವಾರ್ಟರ್‌ಡೆಕ್ ಮತ್ತು ಫಾರ್ ಲ್ಯಾಪ್ ಕೂಡಿ ವಿಸಿಪಿಐ ಎಂಬ ಒಪ್ಪಂದ ಮಾಡಿಕೊಂಡವು: ಪ್ರೋಗ್ರಾಮು ಕೇಳಿದರೆ ಮ್ಯಾನೇಜರ್ ಕೀಲಿಕೈಯನ್ನು ಅದರ ಕೈಗೆ ಕೊಡುತ್ತದೆ, ಕೆಲಸ ಮುಗಿದ ಮೇಲೆ ಅದು ವಾಪಸು ಕೊಡುತ್ತದೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ. 1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0 ಅದನ್ನು ಒಪ್ಪಲಿಲ್ಲ. ಹಲವು ಪ್ರೋಗ್ರಾಮುಗಳನ್ನು ಒಟ್ಟಿಗೆ ನಡೆಸುವವರು ಯಾರೋ ಒಬ್ಬರಿಗೆ ಇಡೀ ಕೀಲಿಗೊಂಚಲು ಕೊಟ್ಟರೆ ಉಳಿದವರ ಗತಿ ಏನು ಅನ್ನುವುದು ಅದರ ವಾದ. ವಾದ ಸರಿಯೇ ಇತ್ತು. ಅದರ ಬದಲು ಡಿಪಿಎಂಐ ಬಂತು. ಅಲ್ಲಿ ಪ್ರೋಗ್ರಾಮು ಕೆಳಗಿನ ದರ್ಜೆಯಲ್ಲೇ ಇದ್ದು ಬೇಕಾದ್ದನ್ನು ಕೇಳಿ ಪಡೆಯಬೇಕು. ವಿಸಿಪಿಐ ನಂಬಿದ್ದ ಪ್ರೋಗ್ರಾಮುಗಳು ವಿಂಡೋಸ್ 3.0ದ 386 ವಿಧಾನದೊಳಗೆ ಓಡದೆ ನಿಂತವು. ಅದೇ ಪ್ರೋಗ್ರಾಮು ಡೆಸ್ಕ್‌ವ್ಯೂದಲ್ಲಿ ಓಡುತ್ತಿತ್ತು. ಆ ಒಂದು ಕಾರಣಕ್ಕೇ ಡೆಸ್ಕ್‌ವ್ಯೂ ಬಿಡದವರು ಎಷ್ಟೋ ಜನ.

ವಿಂಡೋಸ್ ಕೂಡ ಬರಿಗೈಲಿ ಬರಲಿಲ್ಲ. ಮೆಮೊರಿ ಮ್ಯಾನೇಜರೂ ಅದೇ, ಕೆಲಸ ಹಂಚುವವನೂ ಅದೇ. ಮೊದಲೇ ಕೂತಿದ್ದ ಕ್ಯೂಇಎಂಎಂ ವಿಂಡೋಸ್ ಶುರುವಾಗುವ ಗಳಿಗೆಯಲ್ಲಿ ತಾನು ಎಲ್ಲೆಲ್ಲಿ ಏನೇನು ಹಾಸಿದ್ದೇನೆ ಅಂತ ಲೆಕ್ಕ ಒಪ್ಪಿಸಿ ಜಾಗ ಬಿಟ್ಟುಕೊಡಬೇಕಿತ್ತು. ಆ ಹಸ್ತಾಂತರ ಕೆಟ್ಟರೆ ಯಂತ್ರ ಕಪ್ಪು ಪರದೆಯಲ್ಲಿ ನಿಂತುಬಿಡುತ್ತಿತ್ತು. ಬಿ000ದ 32 ಕೆಯನ್ನು ಬಳಸಿಕೊಂಡಿದ್ದರೆ ವಿಂಡೋಸಿನ ಸಿಸ್ಟಮ್ ಫೈಲಿನಲ್ಲೂ ಒಂದು ಸಾಲು ಸೇರಿಸಬೇಕು. ನೆಟ್‌ವರ್ಕ್ ಕಾರ್ಡಿನ ಜಾಗವನ್ನು ಕ್ಯೂಇಎಂಎಂಗೆ ಬೇಡ ಅಂದರೆ ಸಾಲದು, ವಿಂಡೋಸಿಗೂ ಇನ್ನೊಮ್ಮೆ ಬೇಡ ಅನ್ನಬೇಕು. ಅರ್ಧಕ್ಕರ್ಧ ಗಿರಾಕಿಗಳ ಯಂತ್ರ ನಿಲ್ಲುತ್ತಿದ್ದದ್ದು ಈ ಎರಡನೇ ಬೇಡ ಬರೆಯದೆ.

ಡಾಸ್ 5 ತನ್ನದೇ ಇಎಂಎಂ386 ಕೊಟ್ಟಿತು, 1993ರ ಡಾಸ್ 6 ಮೆಮ್‌ಮೇಕರ್ ಕೊಟ್ಟಿತು. ಕ್ಯೂಇಎಂಎಂ ಆಗಲೂ ಅವಕ್ಕಿಂತ ಹೆಚ್ಚು ಜಾಗ ಬಿಡಿಸುತ್ತಿತ್ತು, ರೋಮ್ ಇದ್ದ ವಿಳಾಸಗಳನ್ನೂ ಅಡಗಿಸಿ ಬಳಸುವ ಸ್ಟೆಲ್ತ್ ಎಂಬ ಕೈಚಳಕ ಅದರಲ್ಲಿತ್ತು. ಆದರೆ ಪುಕ್ಕಟೆ ಸಿಗುವುದರ ಎದುರು ಹತ್ತಿಪ್ಪತ್ತು ಕೆ ಹೆಚ್ಚು ಅಂತ ಎಷ್ಟು ದಿನ ಮಾರುವುದು? ವಿಂಡೋಸ್ 95ರ ನಂತರ ಅದನ್ನು ಕೇಳುವವರೇ ಕಡಿಮೆಯಾದರು. ಕಂಪನಿ ಕೊನೆಗೆ ಸಿಮ್ಯಾಂಟೆಕ್ ಪಾಲಾಯಿತು.

ಈಗಿನ ಪ್ರೊಸೆಸರುಗಳ 64 ಬಿಟ್ ವಿಧಾನದಲ್ಲಿ ವರ್ಚುವಲ್ 8086 ಇಲ್ಲವೇ ಇಲ್ಲ. 64 ಬಿಟ್ ವಿಂಡೋಸ್ ಹಳೆಯ ಫಾಕ್ಸ್‌ಪ್ರೊವನ್ನು ನೇರವಾಗಿ ಓಡಿಸುವುದಿಲ್ಲ. ಹಳೆಯ ಲೆಕ್ಕದ ಫೈಲು ತೆರೆಯಬೇಕೆಂದು ಈಗಲೂ ಯಾರಾದರೂ ಬಂದರೆ ನಾನು ಡಾಸ್‌ಬಾಕ್ಸ್ ಹಾಕಿಕೊಡುತ್ತೇನೆ. ಅದು ಪ್ರೊಸೆಸರನ್ನೇ ಸಾಫ್ಟ್‌ವೇರಿನಲ್ಲಿ ನಟಿಸುತ್ತದೆ. ಅದರ ಕಾನ್ಫಿಗ್ ಫೈಲಿನಲ್ಲಿ ಎಕ್ಸ್‌ಎಂಎಸ್, ಇಎಂಎಸ್, ಯುಎಂಬಿ ಎಂದು ಆ ಕಾಲದ ಮೂರು ಬಗೆಯ ಮೆಮೊರಿಗೆ ಮೂರು ಸಾಲುಗಳಿವೆ. ಮೂರೂ ಟ್ರೂ ಅಂತಲೇ ಬರುತ್ತವೆ, ಯಾರೂ ಮುಟ್ಟಬೇಕಾಗಿಲ್ಲ.