ಮಾರ್ಸೇ ದಡದ ಕೈದಿ

1910ರ ಜುಲೈ 8ರಂದು ಮಾರ್ಸೇ ಬಂದರಿನಲ್ಲಿ ‘ಮೊರಿಯಾ’ ಹಡಗಿನ ಕಿಂಡಿಯಿಂದ ಕಡಲಿಗೆ ಧುಮುಕಿದ ವಿನಾಯಕ ದಾಮೋದರ ಸಾವರ್ಕರರು ಈಜಿ ದಡ ಸೇರಿದರು. ವಿಚಾರಣೆಗೆಂದು ಲಂಡನ್ನಿನಿಂದ ಭಾರತಕ್ಕೆ ಒಯ್ಯಲಾಗುತ್ತಿದ್ದ ಕೈದಿ ಅವರು. ಫ್ರೆಂಚ್ ಪೊಲೀಸನು ಅವರನ್ನು ಹಿಡಿದು ಬ್ರಿಟಿಷರಿಗೇ ಒಪ್ಪಿಸಿದನು. ತನ್ನ ನೆಲದಿಂದ ಹೀಗೆ ಒಯ್ದುದು ಸಲ್ಲದೆಂದು ಫ್ರಾನ್ಸ್ ಅವರನ್ನು ಮರಳಿ ಕೇಳಿತು. ವ್ಯಾಜ್ಯ ಹೇಗ್ ನಗರದ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. 1911ರ ಫೆಬ್ರವರಿ 24ರಂದು ಐವರು ಪಂಚರು ತೀರ್ಪಿತ್ತರು: ಒಪ್ಪಿಸಿದ ಕ್ರಮದಲ್ಲಿ ಲೋಪವಿದೆ, ಆದರೆ ಮರಳಿಸುವ ಹೊಣೆ ಬ್ರಿಟನ್ನಿಗಿಲ್ಲ. ಅಷ್ಟರಲ್ಲಿ ಅವರಿಗೆ ಎರಡು ಜೀವಾವಧಿ ಕರಿನೀರಿನ ಶಿಕ್ಷೆ ವಿಧಿಸಲಾಗಿತ್ತು.

ಅವರ ರಾಜಕಾರಣವನ್ನು ನಾವು ಒಪ್ಪೋಣ, ಬಿಡೋಣ. ಒಂದು ಮಾತು ಉಳಿಯುತ್ತದೆ. ಹೇಗ್‌ನಲ್ಲಿ ವಾದಿಸಿದವು ಎರಡು ಸಾಮ್ರಾಜ್ಯಗಳು. ಫ್ರಾನ್ಸ್ ಕಾಯಲೆತ್ನಿಸಿದ್ದು ತನ್ನ ನೆಲದ ಮಾನವನ್ನು. ‘ಇವನು ನಮ್ಮವನು’ ಎನ್ನಲು ನಮಗೆ ಸರ್ಕಾರವೇ ಇರಲಿಲ್ಲ. ನಮ್ಮ ಜೇಬಿನ ಪಾಸ್‌ಪೋರ್ಟಿನ ಬೆಲೆಯನ್ನು ನಾವು ಅಳೆಯಬೇಕಾದುದು ಆ ಕೊರತೆಯಿಂದಲೇ.