ಹೆಡ್‌ಫೋನ್ ತಗೊಳ್ಳೂಕಿಂತ ಮುಂಚೆ ಅಮೀರ್‌ಬಾಯಿಯವರನ್ನ ಕೇಳ್ರಿ

ದೋಸ್ತ್, ಜಮಖಂಡಿ–ಬೀಳಗಿ ಬಸ್ಸಿನ್ಯಾಗ ವೈರ್ ಇಯರ್‌ಫೋನ್ ಹಂಚ್ಕೊಂಡು ಹಾಡು ಕೇಳೀರೇನು? ಒಂದು ನಿಮ್ಮ ಕಿವಿಗೆ, ಇನ್ನೊಂದು ಗೆಳೆಯನ ಕಿವಿಗೆ. ಈಗಿನ ಸ್ಟೀರಿಯೊ ಹಾಡಾದ್ರ ಇಬ್ಬರಿಗೂ ಅರ್ಧರ್ಧ. ಅಮೀರ್‌ಬಾಯಿ ಕರ್ನಾಟಕಿ ಹಾಡಾದ್ರ ಇಬ್ಬರಿಗೂ ಪೂರ್ತಿ!

ಯಾಕಂದ್ರ ನಮ್ಮ ಬೀಳಗಿಯ ಈ ಗಾಯಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದಾಗ ಇದ್ದದ್ದು ಮೊನೊ ಧ್ವನಿಮುದ್ರಣ. ಎರಡೂ ಕಿವಿಗೆ ಒಂದೇ ಧ್ವನಿ.

ಹೆಡ್‌ಫೋನ್ ಅದಕ್ಕೂ ಮೊದಲೇ ಇತ್ತು. 1910ರಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ಮಾಡಿದ್ದನ್ನು ಅಲ್ಲಿಯ ನೌಕಾಪಡೆ ಕೊಂಡಿತು, ರೇಡಿಯೊ ಸಂದೇಶ ಕೇಳಾಕ. 1958ರಲ್ಲಿ ಜಾನ್ ಕಾಸ್ ಸಂಗೀತಕ್ಕಂತನೇ ಸ್ಟೀರಿಯೊ ಹೆಡ್‌ಫೋನ್ ತಂದ. 1979ರಲ್ಲಿ ವಾಕ್‌ಮನ್ ಬಂದು ಅದನ್ನ ಬೀದಿಗೆ ಇಳಿಸ್ತು.

ಈಗ ಅದಾವು ಎರಡು ಜಾತಿ: ಮಜಾ ಕೊಡೋವು, ಖರೆ ಹೇಳೋವು. ದಿನಾ ಕೇಳೋ ಹೆಡ್‌ಫೋನ್‌ನಲ್ಲಿ ಬಹಳ ಸಲ ಬೇಸ್ ಏರಿಸಿರ್ತಾರ. ಬಸ್ಸಿಗೆ ಅದು ಚಲೋ. ಆದ್ರ ಅದನ್ನ ಹಾಕ್ಕೊಂಡು ನೀವು ಸ್ವಂತ ಹಾಡು ಮಿಕ್ಸ್ ಮಾಡಿದ್ರ, ಬೇಸ್ ಜಾಸ್ತಿ ಆಯ್ತಂತ ಇಳಸ್ತೀರಿ; ಬ್ಯಾರೆಯವರ ಸ್ಪೀಕರ್‌ನಲ್ಲಿ ನಿಮ್ಮ ಹಾಡು ಬಡಕಲಾಗಿ ಕೇಳಸ್ತದ. ಮಿಕ್ಸಿಂಗ್‌ಗೆ ಕೂಡಿಸದ, ಕಳೆಯದ ‘ಫ್ಲ್ಯಾಟ್’ ಹೆಡ್‌ಫೋನ್ ಬೇಕು.

ಅಂಗಡಿಯಾಗ ಅಮೀರ್‌ಬಾಯಿಯವರ ಹಾಡು ಹಚ್ಚಿ ನೋಡ್ರಿ. ಮೊನೊ ಧ್ವನಿ ತಲಿ ನಟ್ಟನಡುವ ಕೂಡಬೇಕು. ಒಂದು ಕಡೆ ವಾಲಿದ್ರ ಎರಡೂ ಬದಿ ಸಮ ಇಲ್ಲಂತ ಅರ್ಥ, ವಾಪಸ್ ಕೊಡ್ರಿ.

ಅವರು ತೀರಿಕೊಂಡದ್ದು 1965ರಲ್ಲಿ. ಇವತ್ತಿಗೂ ನಮ್ಮ ರೊಕ್ಕ ಉಳಸ್ತಾರ.

ಸೇವ್ ಮಾಡ್ಕೊಳ್ರಿ. ನಿಮ್ಮ ಮನ್ಯಾಗ ಅವರ ಹಾಡು ಕೇಳಿದ ಅಜ್ಜಿ ಇದ್ರ, ಮೊದಲು ಅವರ ಕಿವಿಗೆ ಹಚ್ಚಿರಿ.

#ಬೀಳಗಿ #ಅಮೀರ್‌ಬಾಯಿಕರ್ನಾಟಕಿ #ನಮ್ಮಕಡೆಇತಿಹಾಸ