ಚಿನ್ನದ ತೊಟ್ಟಿಲಲ್ಲಿ ಮಿಕ್ಕಿದ್ದೆಷ್ಟು?

ಹಳೇ ಚಿನ್ನದ ಗಣಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಇನ್ನೂ ಚಿನ್ನ ಇದೆಯಾ?" ನಮ್ಮ ಸೋದರಮಾವ ಒಬ್ಬರು ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದರು. ಮದುವೆ ಮುಂಜಿಗೆ ಬಂದಾಗೆಲ್ಲ ಅವರನ್ನು ಯಾರಾದರೂ ಒಬ್ಬರು ಹೀಗೆ ಕೇಳಿಯೇ ಕೇಳುತ್ತಿದ್ದರು. ಅವರದು ಯಾವಾಗಲೂ ಒಂದೇ ಉತ್ತರ: "ಇದೆ ಕಣಯ್ಯ. ಒಂದು ಗ್ರಾಂ ತೆಗೆಯೋಕೆ ನೀನು ಎಷ್ಟು ಕೊಡ್ತೀಯ ಹೇಳು, ಎಷ್ಟಿದೆ ಅಂತ ಆಮೇಲೆ ಹೇಳ್ತೀನಿ." ಆಗ ನಮಗದು ತಮಾಷೆಯಾಗಿ ಕಾಣುತ್ತಿತ್ತು. ಈಚೆಗೆ ಅರೇಬಿಯಾದ ಮರುಭೂಮಿಯ ಒಂದು ಗಣಿಯ ಚರಿತ್ರೆ ಓದುತ್ತಾ ಹೋದ ಹಾಗೆ, ಗಣಿಗಾರಿಕೆಯ ಅರ್ಧ ಶಾಸ್ತ್ರ ಆ ಮಾತಿನಲ್ಲೇ ಇತ್ತು ಅನ್ನಿಸಿತು.

ಆ ಗಣಿಯ ಹೆಸರು ಮಹ್ದ್ ಅದ್ ದಹಬ್. ಅರಬ್ಬಿಯಲ್ಲಿ ಹಾಗಂದರೆ ಚಿನ್ನದ ತೊಟ್ಟಿಲು. ಎಂಥಾ ಹೆಸರು ನೋಡಿ! ಸೌದಿ ಅರೇಬಿಯಾದಲ್ಲಿ, ಮದೀನಾದಿಂದ ಆಗ್ನೇಯಕ್ಕಿರುವ ಒಂದು ಬೋಳುಗುಡ್ಡ. ಅಬ್ಬಾಸಿದ್ ಖಲೀಫರ ಕಾಲದಲ್ಲಿ ಇರಾಕಿನಿಂದ ಹಜ್ ಯಾತ್ರಿಕರು ಬರುತ್ತಿದ್ದ ದಾರಿಯಲ್ಲಿ 'ಬನೂ ಸುಲೈಮರ ಗಣಿ' ಅಂತ ಒಂದು ತಂಗುದಾಣ ಇತ್ತು. ಅದು ಇದೇ ಜಾಗ ಅನ್ನುತ್ತಾರೆ. ಅದಕ್ಕೂ ಬಹಳ ಹಿಂದೆ, ಸುಮಾರು ಮೂರು ಸಾವಿರ ವರ್ಷದ ಕೆಳಗೇ ಇಲ್ಲಿ ಕಲ್ಲು ಒಡೆದಿದ್ದಾರೆ ಅಂತಲೂ ಅಂದಾಜಿದೆ.

ಇದರ ಕಥೆಗೆ ಮೊದಲು ಇನ್ನೊಬ್ಬನ ಕಥೆ ಹೇಳಬೇಕು. ಇಲ್ಲದಿದ್ದರೆ ಇದರ ರುಚಿ ಗೊತ್ತಾಗಲ್ಲ.

ವೇಷ ಮರೆಸಿಕೊಂಡು ಮೆಕ್ಕಾಕ್ಕೆ ಹೋಗಿಬಂದನಲ್ಲ, ರಿಚರ್ಡ್ ಬರ್ಟನ್, ಅವನಿಗೆ 1853ರಲ್ಲಿ ಕೈರೋದಲ್ಲಿ ಹಾಜಿ ವಲಿ ಅನ್ನೋ ವ್ಯಾಪಾರಿಯ ಸ್ನೇಹ ಆಯಿತು. ಕೆಂಪು ಸಮುದ್ರದ ಆಚೆ ದಡದ ಮಿದಿಯಾನ್ ಸೀಮೆಯಲ್ಲಿ ಚಿನ್ನ ಇರೋ ಮರಳು ನೋಡಿದ್ದೆ ಅಂತ ಆ ಹಾಜಿ ಹೇಳಿದ. ಬರ್ಟನ್ನನ ತಲೆಯಲ್ಲಿ ಆ ಮಾತು ಇಪ್ಪತ್ತನಾಲ್ಕು ವರ್ಷ ಕೂತಿತ್ತು! 1877ರಲ್ಲಿ ಈಜಿಪ್ಟಿನ ಖೆದೀವ್ ಇಸ್ಮಾಯಿಲ್ ಸಾಲದಲ್ಲಿ ಕುತ್ತಿಗೆವರೆಗೆ ಮುಳುಗಿದ್ದ. ಸಾಲಗಾರನಿಗೆ ನಿಧಿಯ ಮಾತು ಹೇಳಿದರೆ ಬೇಡ ಅಂತಾನಾ? ಖರ್ಚು ಕೊಟ್ಟು ಕಳಿಸಿದ. ಮುದುಕ ಹಾಜಿಯನ್ನೂ ಎಬ್ಬಿಸಿಕೊಂಡು ಬರ್ಟನ್ ಹೊರಟ. ಅಲ್ಲಿ ಹಳೇ ಗಣಿಗಳು ನಿಜಕ್ಕೂ ಇದ್ದವು. ಹಾಳುಬಿದ್ದ ಊರು, ಕರಗಿಸಿದ ಕಿಟ್ಟ, ಬೀಸುವ ಕಲ್ಲು ಎಲ್ಲಾ ಸಿಕ್ಕಿತು. ಎರಡನೇ ಸಲ, 1877ರ ಡಿಸೆಂಬರಿನಿಂದ 1878ರ ಏಪ್ರಿಲ್‌ವರೆಗೆ ತಿರುಗಿ, 25 ಟನ್ ಕಲ್ಲು ಹೇರಿಕೊಂಡು ಬಂದ. ಪರೀಕ್ಷೆ ಮಾಡಿದರೆ ಲೆಕ್ಕಕ್ಕೆ ಬರುವಷ್ಟು ಚಿನ್ನ ಇರಲಿಲ್ಲ. 1879ರಲ್ಲಿ ಖೆದೀವನ ಪಟ್ಟವೇ ಹೋಯಿತು. ಬರ್ಟನ್ನನಿಗೆ ಉಳಿದದ್ದು ಆ ಯಾತ್ರೆಗಳ ಬಗ್ಗೆ ಬರೆದ ಪುಸ್ತಕಗಳು ಮಾತ್ರ.

ಬರ್ಟನ್ ಮಹಾ ಬುದ್ಧಿವಂತ, ಆದರೆ ಪಳಗಿದ ಗಣಿಗಾರನಲ್ಲ. ಹಳಬರು ಇಲ್ಲಿ ಅಗೆದಿದ್ದಾರೆ ಅಂದರೆ ಇಲ್ಲಿ ಚಿನ್ನ ಇತ್ತು ಅಂತ ಅಷ್ಟೇ ಅರ್ಥ. ಅವರು ಯಾಕೆ ನಿಲ್ಲಿಸಿದರು ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದಿರು ತೀರಿ ನಿಲ್ಲಿಸಿದರೆ ನಮಗೇನೂ ಮಿಕ್ಕಿರಲ್ಲ. ನೀರು ನುಗ್ಗಿ, ಸೌದೆ ತೀರಿ, ಉಸಿರಾಡಲು ಗಾಳಿ ಸಾಲದೆ, ದೊರೆ ಬದಲಾಗಿ, ದಾರಿಯಲ್ಲಿ ದರೋಡೆ ಹೆಚ್ಚಾಗಿ ನಿಲ್ಲಿಸಿದ್ದರೆ ಮಿಕ್ಕಿರುತ್ತದೆ. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಥರದ ಹಾಳುಗುಂಡಿ.

ಈಗ ತೊಟ್ಟಿಲಿಗೆ ಬರೋಣ.

1931. ದೊರೆ ಇಬ್ನ್ ಸೌದ್ ಕೈಯಲ್ಲಿ ಕಾಸಿಲ್ಲ. ಇಡೀ ರಾಜ್ಯದ ಆದಾಯ ಹಜ್ ಯಾತ್ರಿಕರ ಮೇಲೆ ನಿಂತಿತ್ತು. ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ ಆಗಿ, ಒಂದು ಲಕ್ಷದಷ್ಟು ಬರುತ್ತಿದ್ದ ಯಾತ್ರಿಕರು ನಲವತ್ತು ಸಾವಿರದ ಸುಮಾರಿಗೆ ಇಳಿದಿದ್ದರು. ಆಗ ಬಂದವನು ಚಾರ್ಲ್ಸ್ ಕ್ರೇನ್, ಅಮೆರಿಕದ ಧನಿಕ. (ಮನೆತನದ ದುಡ್ಡು ಬಂದದ್ದು ನಲ್ಲಿ, ಪೈಪಿನ ವ್ಯಾಪಾರದಿಂದ. ಮರುಭೂಮಿಗೆ ಸರಿಯಾದ ಅತಿಥಿ!) ನಿಮ್ಮ ನಾಡಿನಲ್ಲಿ ನೀರು ಹುಡುಕಿಸಿಕೊಡುತ್ತೇನೆ ಅಂತ ತನ್ನ ಖರ್ಚಿನಲ್ಲೇ ಒಬ್ಬ ಎಂಜಿನಿಯರನ್ನು ಕಳಿಸಿಕೊಟ್ಟ. ಅವನೇ ಕಾರ್ಲ್ ಟ್ವಿಚೆಲ್. ಅವನು ಹಿಜಾಜ್ ಸೀಮೆಯೆಲ್ಲ ಸುತ್ತಿ, ದೊಡ್ಡ ಪ್ರಮಾಣದ ನೀರು ಇಲ್ಲಿಲ್ಲ ಅಂತ ನೇರವಾಗಿ ಹೇಳಿಬಿಟ್ಟ. ದೊರೆಗೆ ಹೀಗೆ ಹೇಳೋಕೆ ಧೈರ್ಯ ಬೇಕು. ಪ್ರಾಯಶಃ ಅದರಿಂದಲೇ ಅವನ ಮುಂದಿನ ಮಾತಿಗೆ ಬೆಲೆ ಬಂತು. ನೀರು ಬಿಟ್ಟು ಖನಿಜ ನೋಡು ಅಂದರು. ಹಳೇ ಗಣಿಗಳನ್ನು ಒಂದೊಂದಾಗಿ ನೋಡುತ್ತಾ 1932ರಲ್ಲಿ ಮಹ್ದ್ ಅದ್ ದಹಬ್‌ಗೆ ಬಂದ.

ನನಗೆ ತುಂಬಾ ಹಿಡಿಸಿದ ಭಾಗ ಇದು. ಅಲ್ಲಿ ಗುಡ್ಡದ ಬಂಡೆಯಷ್ಟೇ, ಅಥವಾ ಅದಕ್ಕಿಂತ ಮೊದಲು, ನೋಡಬೇಕಾಗಿದ್ದದ್ದು ಹಳಬರ ಕಸ. ಬೀಸಿ ತೊಳೆದು ಬಿಸಾಕಿದ ಪುಡಿ, ಬೇಡ ಅಂತ ರಾಶಿ ಹಾಕಿದ ಕಲ್ಲು. ಇದರಲ್ಲೊಂದು ಜಾಣತನ ಇದೆ. ಬಂಡೆಯೊಳಗಿನ ಎಳೆ ಮುಂದೆ ಎಲ್ಲಿಗೆ ಹೋಗುತ್ತೋ ಯಾರಿಗೂ ಕಾಣಲ್ಲ. ಎರಡು ಮಾರು ಆಚೆ ಸತ್ತೇ ಹೋಗಿರಬಹುದು. ಆದರೆ ಕಸದ ರಾಶಿ ಕಣ್ಣೆದುರಿಗಿದೆ. ಉದ್ದ, ಅಗಲ, ಎತ್ತರ ಅಳೆಯಬಹುದು. ಅಲ್ಲಲ್ಲಿ ತೋಡಿ ಮಾದರಿ ತೆಗೆಯಬಹುದು. ಹಳಬರೇ ಗುಡ್ಡದೊಳಗಿಂದ ಹೊತ್ತು, ಒಡೆದು, ಪುಡಿ ಮಾಡಿ ಇಟ್ಟಿದ್ದಾರೆ. ಗಣಿಯ ಖರ್ಚಿನಲ್ಲಿ ದೊಡ್ಡ ಪಾಲು ಆ ಕೆಲಸಕ್ಕೇ ಹೋಗುವುದು. ಅದನ್ನು ಯಾರೋ ಸಾವಿರ ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾರೆ, ಬಿಟ್ಟಿ! ಇನ್ನೊಂದು ವಿಷಯ, ಬಿಸಾಕಿದ್ದರಲ್ಲಿ ಎಷ್ಟು ಚಿನ್ನ ಉಳಿದಿದೆ ಅಂತ ನೋಡಿದರೆ ಅವರು ಎಂಥ ಅದಿರು ತೆಗೆಯುತ್ತಿದ್ದರು ಅಂತಲೂ ಗೊತ್ತಾಗುತ್ತೆ.

ಹಾಗಾದರೆ ಎಷ್ಟು ಉಳಿದಿತ್ತು? ಹಳಬರು ಬಿಟ್ಟುಹೋದ ರಾಶಿ ಸುಮಾರು ಹತ್ತು ಲಕ್ಷ ಟನ್, ಟನ್ನಿಗೆ ಸರಾಸರಿ 0.6 ಔನ್ಸ್ ಚಿನ್ನ ಅಂತ 1976ರಲ್ಲಿ ಅಮೆರಿಕದ ಭೂಸರ್ವೇಕ್ಷಣೆಯವರು ಹೇಳಿದರು. ಅಂದರೆ ಟನ್ನಿಗೆ 20 ಗ್ರಾಂ. ಇವತ್ತು ಟನ್ನಿಗೆ ಒಂದೆರಡು ಗ್ರಾಂ ಸಿಕ್ಕಿದರೂ ತೆರೆದ ಗಣಿ ನಡೆಸುವವರಿದ್ದಾರೆ. ಹಳಬರ ಕಸದಲ್ಲಿ ಅದರ ಹತ್ತು ಪಟ್ಟು! ಎಲ್ಲಾ ಗುಣಿಸಿ ನೋಡಿ, ಬಿಸಾಕಿದ್ದರಲ್ಲೇ ಹದಿನೆಂಟು ಟನ್ ದಾಟುತ್ತೆ.

ಹಳಬರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಸೀಳುವುದು, ಬೀಸುವ ಕಲ್ಲಲ್ಲಿ ಅರೆಯುವುದು, ನೀರಲ್ಲಿ ತೊಳೆಯುವುದು, ಇಷ್ಟೇ ಆ ಕಾಲದ ಹತ್ಯಾರು. ಬೆಣಚುಕಲ್ಲನ್ನು ರಾಗಿ ಹಿಟ್ಟಿನ ಹಾಗೆ ಕೈಯಲ್ಲಿ ಬೀಸುವುದನ್ನು ಊಹಿಸಿಕೊಳ್ಳಿ. ಬರಿಗಣ್ಣಿಗೆ ಕಾಣದ ಚಿನ್ನದ ಕಣ ತೊಳೆಯುವ ನೀರಿನ ಜೊತೆಗೇ ಹರಿದುಹೋಗುತ್ತೆ. ಅಲ್ಲದೆ ಈ ಗುಡ್ಡದ ಚಿನ್ನದಲ್ಲಿ ಒಂದಷ್ಟು ಪಾಲು ಟೆಲ್ಲೂರಿಯಮ್ ಅನ್ನೋ ಧಾತುವಿನ ಜೊತೆ ಬೆರೆತುಕೊಂಡಿದೆ. ಅದು ಎಷ್ಟು ತೊಳೆದರೂ ಬಿಟ್ಟುಕೊಡಲ್ಲ. 1887ರಲ್ಲಿ ಗ್ಲಾಸ್ಗೋದಲ್ಲಿ ಸೈನೈಡ್ ವಿಧಾನ ಕಂಡುಹಿಡಿದ ಮೇಲೆ ಜಗತ್ತಿನ ಹಳೇ ಕಸದ ರಾಶಿಗಳಿಗೆಲ್ಲ ಹೊಸ ಬೆಲೆ ಬಂದದ್ದು ಇದಕ್ಕೇ.

ಟ್ವಿಚೆಲ್ ದುಡ್ಡು ಹಾಕುವವರನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋದ. ಅವನ ಜೊತೆ ವಾಪಸ್ ಬಂದದ್ದು ಎಣ್ಣೆ ಕಂಪನಿಯವರು. 1933ರ ಮೇ 29ರಂದು ಜಿದ್ದಾದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಜೊತೆ ಆದ ಕರಾರು ಇವತ್ತಿನ ಸೌದಿಯನ್ನೇ ಹುಟ್ಟಿಸಿತು. ಆ ಮಾತುಕತೆಯಲ್ಲಿ ಟ್ವಿಚೆಲ್ಲನೂ ಕೂತಿದ್ದ. ಅದು ಬೇರೆಯೇ ಕಥೆ, ಎಲ್ಲರಿಗೂ ಗೊತ್ತಿರುವಂಥದ್ದು. ನೀರು ಹುಡುಕಲು ಬಂದವನು ಚಿನ್ನಕ್ಕೆ ದುಡ್ಡು ಹುಡುಕುತ್ತಾ ಹೋಗಿ ಎಣ್ಣೆಯವರನ್ನು ಕರೆತಂದ.

ಚಿನ್ನಕ್ಕೆ ಬಲ ಬಂದದ್ದು ಬೇರೆ ಕಡೆಯಿಂದ. 1934ರ ಜನವರಿಯಲ್ಲಿ ಅಮೆರಿಕ ಚಿನ್ನದ ದರವನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಗುಡ್ಡ ಅದೇ, ಕಸ ಅದೇ, ಒಂದು ರಾತ್ರಿ ಕಳೆಯುವುದರೊಳಗೆ ಬೆಲೆ ಒಂದೂ ಮುಕ್ಕಾಲು ಪಟ್ಟು ಹತ್ತಿರ! ಅದೇ ವರ್ಷದ ಕೊನೆಗೆ ಸೌದಿ ಅರೇಬಿಯನ್ ಮೈನಿಂಗ್ ಸಿಂಡಿಕೇಟ್‌ಗೆ ಗಣಿಯ ಹಕ್ಕು ಸಿಕ್ಕಿತು. 1939ರಿಂದ 1954ರವರೆಗೆ ಗಣಿ ನಡೆದು 7,65,768 ಔನ್ಸ್ ಚಿನ್ನ, ಹತ್ತು ಲಕ್ಷ ಔನ್ಸ್ ಬೆಳ್ಳಿ ಬಂತು. ಚಿನ್ನ ಹತ್ತಿರ ಹತ್ತಿರ 24 ಟನ್. ಮಹಾಯುದ್ಧ ಮುಗಿದ ಮೇಲೆ ಕೂಲಿ, ಯಂತ್ರ, ಎಲ್ಲದರ ದರ ಏರಿತು. ಚಿನ್ನದ ದರ ಮಾತ್ರ 35 ಡಾಲರಿಗೇ ಕಟ್ಟಿಹಾಕಿತ್ತು. ಆ ದರಕ್ಕೆ ಗಿಟ್ಟುವ ಅದಿರು ಮುಗಿದ ಮೇಲೆ ಬೀಗ ಹಾಕಿದರು.

1971ರಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು. ದರ ಮೇಲೇರಿತು. ಭೂವಿಜ್ಞಾನಿಗಳು ಮತ್ತೆ ಅದೇ ಗುಡ್ಡಕ್ಕೆ ಬಂದರು. ಈ ಸಲ ಬೋರ್ ಕೊರೆದು, ಒಳಗಿನ ಕಲ್ಲಿನ ಕಡ್ಡಿಗಳನ್ನು ತೆಗೆದು, ಗೆಣ್ಣು ಗೆಣ್ಣಾಗಿ ಪರೀಕ್ಷಿಸಿ, ನಕ್ಷೆ ಮಾಡಿ ನೋಡಿದರು. ಹಳೇ ಗಣಿಯ ದಕ್ಷಿಣಕ್ಕೆ ಹೊಸ ಅದಿರು ಸಿಕ್ಕಿತು. ಅಂದಾಜು 11 ಲಕ್ಷ ಟನ್, ಟನ್ನಿಗೆ ಸುಮಾರು 27 ಗ್ರಾಂ ಚಿನ್ನ. ಗುಣಿಸಿದರೆ 29 ಟನ್ನಿನ ಮೇಲಾಯಿತು. 1954ರವರೆಗೆ ತೆಗೆದದ್ದಕ್ಕಿಂತ ಜಾಸ್ತಿ! 1988ರಲ್ಲಿ ಗಣಿ ಮತ್ತೆ ಶುರುವಾಯಿತು.

ಇದೇ ಹೊತ್ತಿನಲ್ಲಿ ಒಂದು ತಮಾಷೆಯೂ ಆಯಿತು. ಬೈಬಲ್ಲಿನಲ್ಲಿ ಸೊಲೊಮನ್ ರಾಜನಿಗೆ ಓಫೀರ್ ಅನ್ನೋ ಊರಿನಿಂದ 420 ತಲಾಂತು ಚಿನ್ನ ಬಂತು ಅಂತ ಇದೆ. ಆ ಓಫೀರ್ ಇದೇ ಇರಬಹುದು ಅಂತ 1976ರಲ್ಲಿ ಆ ಅಮೆರಿಕನ್ ತಂಡದವರು ಹೇಳಿದರು, ಅಷ್ಟು ಚಿನ್ನ ಕೊಡುವ ಶಕ್ತಿ ಈ ಗುಡ್ಡಕ್ಕಿತ್ತು ಅನ್ನೋದು ಅವರ ಲೆಕ್ಕ. ಪತ್ರಿಕೆಗಳಿಗೆ ಹಬ್ಬ. ನನಗೇನೋ ಇದು ಒಪ್ಪಿಗೆಯಾಗಲಿಲ್ಲ. ಕೊಡಬಲ್ಲದು ಅನ್ನೋದಕ್ಕೂ ಕೊಟ್ಟಿತು ಅನ್ನೋದಕ್ಕೂ ಬಹಳ ದೂರ. ಅದೂ ಅಲ್ಲದೆ ಓಫೀರಿನ ಚಿನ್ನ ಬಂದದ್ದು ಹಡಗಿನಲ್ಲಿ, ಗಂಧದಂಥ ಬೆಲೆಬಾಳುವ ಮರದ ಜೊತೆ. ಸೊಲೊಮನ್ನನ ಹಡಗುಗಳು ತಂದ 'ತುಕ್ಕಿ' ಅಂದರೆ ನವಿಲು, ಅದು ದ್ರಾವಿಡದ 'ತೋಕೈ' (ನಮ್ಮ ತೋಕೆ) ಅನ್ನೋ ಪದವೇ ಅಂತ ಕಾಲ್ಡ್‌ವೆಲ್ ಅಂಥವರು ಹೇಳಿ, ಓಫೀರನ್ನು ಭಾರತದಲ್ಲಿ ಹುಡುಕಿದವರೂ ಇದ್ದರು. ಸೊಲೊಮನ್ನನ ಹೆಸರು ಬಂದ ಕಡೆಯೆಲ್ಲ ಅಳತೆಪಟ್ಟಿ ಸ್ವಲ್ಪ ಸಡಿಲವಾಗುತ್ತೆ.

ಹಳಬರ ಗುಂಡಿಯನ್ನು ಸರಿಯಾಗಿ ಓದಿದ ಉದಾಹರಣೆ ನಮ್ಮಲ್ಲೇ ಇದೆ. ಕೋಲಾರದಲ್ಲಿ ಮೈಸೂರು ಕಂಪನಿಯ ದುಡ್ಡು ಮುಗಿಯುತ್ತಾ ಬಂದಿತ್ತು, ಮುಚ್ಚಿಬಿಡೋಣ ಅಂತ ಷೇರುದಾರರು ಕೂತಿದ್ದರು. ಜಾನ್ ಟೇಲರ್ ಹಟ ಹಿಡಿದು ಕೊನೇ ಪ್ರಯತ್ನ ಅಂತ 1883ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಅನ್ನುವವನನ್ನು ಕಳಿಸಿದ. ಅವನು ನಮ್ಮ ಪೂರ್ವಿಕರು ಅಗೆದು ಬಿಟ್ಟ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಸಿಕ್ಕಿದ್ದು ಚಾಂಪಿಯನ್ ರೀಫ್. ಮುಂದೆ ನೂರಿಪ್ಪತ್ತು ವರ್ಷದಲ್ಲಿ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಹಟ್ಟಿಯಲ್ಲೂ ಹಾಗೇ, ಹಳಬರು ಬೆಂಕಿ ಹಾಕಿ ಆರುನೂರು ಅಡಿ ಆಳದವರೆಗೆ ಹೋಗಿದ್ದರು. ಆ ಆಳದಲ್ಲಿ ಹೊಗೆಯ ನಡುವೆ ಕೆಲಸ ಮಾಡಿದವರ ಲೆಕ್ಕ ಯಾವ ಶಾಸನದಲ್ಲೂ ಕಾಣೆ.

2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಮುಚ್ಚಿತು. ಆಳದಲ್ಲಿ ಚಿನ್ನ ಇರಲಿಲ್ಲ ಅಂತಲ್ಲ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಉಳಿದದ್ದು ಸೈನೈಡ್ ಗುಡ್ಡಗಳು. 3.3 ಕೋಟಿ ಟನ್ ಪುಡಿ, ಅದರಲ್ಲಿ 23 ಟನ್ನಿನಷ್ಟು ಚಿನ್ನ ಇದೆ ಅಂತ ಪತ್ರಿಕೆಗಳಲ್ಲಿ ಬಂದ ಅಂದಾಜು. 2024ರ ಜೂನಿನಲ್ಲಿ ಅಂಥ 13 ರಾಶಿಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. 23 ಟನ್ ಅಂದರೆ ಚಿನ್ನದ ತೊಟ್ಟಿಲಿನ ಸಿಂಡಿಕೇಟ್ ತೆಗೆದಷ್ಟೇ ಚಿನ್ನ, ಹೆಚ್ಚುಕಮ್ಮಿ. ಆದರೆ ಅಲ್ಲಿಯ ಕಸದಲ್ಲಿ ಟನ್ನಿಗೆ 20 ಗ್ರಾಂ, ಇಲ್ಲಿ ಒಂದು ಗ್ರಾಮಿಗೂ ಕಡಿಮೆ. ನಮ್ಮ ಹಳಬರು ಎಷ್ಟು ಚೆನ್ನಾಗಿ ಗೋರಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತೆ. ಒಂದು ಗ್ರಾಮಿಗಾಗಿ ಒಂದೂವರೆ ಟನ್ ಪುಡಿ ಕಲಕಬೇಕು.

ಮಹ್ದ್ ಅದ್ ದಹಬ್‌ನ ರಾಶಿ ಮರುಭೂಮಿಯಲ್ಲಿತ್ತು. ಕೆಜಿಎಫ್‌ನ ರಾಶಿ ಊರೊಳಗಿದೆ. ಗಾಳಿಗಾಲದಲ್ಲಿ ಆ ಬಿಳಿ ಪುಡಿ ಮನೆಯೊಳಗಿನ ಪಾತ್ರೆ ಮೇಲೆ, ಒಣಗಲು ಹಾಕಿದ ಬಟ್ಟೆ ಮೇಲೆ ಕೂರುತ್ತೆ ಅಂತ ನಮ್ಮ ಅತ್ತೆ ಗೊಣಗುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಗುಡ್ಡ ಕಲಕಿದರೆ ಧೂಳು ಒಂದೇ ಸಲಕ್ಕೆ ತೀರುತ್ತೋ, ವರ್ಷಗಟ್ಟಲೆ ಹೆಚ್ಚಾಗುತ್ತೋ? ಪುಡಿಯಿಂದ ಚಿನ್ನ ತೆಗೆದ ಮೇಲೂ ಪುಡಿ ಪುಡಿಯೇ, ಅಷ್ಟನ್ನೂ ಎಲ್ಲಾದರೂ ಹಾಕಲೇಬೇಕು. ಎಲ್ಲಿ ಹಾಕುತ್ತಾರೆ? ಚಾಂಪಿಯನ್ ರೀಫ್, ಮಾರಿಕುಪ್ಪಂ, ಉರಿಗಾಂ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿ ಈ ಬಗ್ಗೆ ಜನ ಏನು ಮಾತಾಡಿಕೊಳ್ಳುತ್ತಿದ್ದಾರೆ ಅಂತ ದಯವಿಟ್ಟು ಬರೆಯಿರಿ.